ಹ್ಯಾಂಡ್‌ಬ್ಯಾಗ್‌ನಲ್ಲಿ ಸಿಕ್ಕ ಹುಡುಗನಿಗೆ ಹೆಣ್ಣು ಕೊಡೋದಾ?

ಹೋದ ತಿಂಗಳು ಇದೇ ಪುಟದಲ್ಲಿ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಮೂರು ಅಂಕದುದ್ದಕ್ಕೂ ಮದುವೆಯನ್ನು ಗೇಲಿ ಮಾಡಿ, ಕೊನೆಗೆ ಮೂರು ಜೋಡಿಗಳನ್ನು ಒಟ್ಟಿಗೆ ನಿಲ್ಲಿಸಿ ಪರದೆ ಎಳೆಯುವ ನಾಟಕ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ಈ ನಾಟಕವನ್ನು ಓದಿಸಿದ್ದೇನೆ, ಮಕ್ಕಳ ಕೈಲಿ ಆಡಿಸಿದ್ದೇನೆ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ.

ಓದದೇ ಇರುವವರಿಗಾಗಿ ಕಥೆ. ಜ್ಯಾಕ್ ವರ್ದಿಂಗ್ ಹಳ್ಳಿಯಲ್ಲಿ ದೊಡ್ಡ ಮನುಷ್ಯ. ಲಂಡನ್ನಿಗೆ ಬಂದು ಮಜಾ ಮಾಡುವುದಕ್ಕೆ ನೆಪ ಬೇಕಲ್ಲ, ‘ಅರ್ನೆಸ್ಟ್’ ಅಂತ ಒಬ್ಬ ಪೋಲಿ ತಮ್ಮನನ್ನು ಹುಟ್ಟಿಸಿಕೊಂಡಿದ್ದಾನೆ. ಲಂಡನ್ನಿನಲ್ಲಿ ತಾನೇ ಅರ್ನೆಸ್ಟ್. ಅವನ ಗೆಳೆಯ ಆಲ್ಜರ್ನನ್‌ಗೂ ಬನ್‌ಬರಿ ಎಂಬ ರೋಗಿಷ್ಟ ಸ್ನೇಹಿತನೊಬ್ಬ ಇದ್ದಾನೆ. ಅವನೂ ಬರೀ ಸುಳ್ಳು. ಆಲ್ಜರ್ನನ್‌ನ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕಾದ ಲೇಡಿ ಬ್ರಾಕ್ನೆಲ್‌ಳ ಮಗಳು ಗ್ವೆಂಡಲಿನ್. ಅವಳಿಗೆ ಜ್ಯಾಕ್ ಇಷ್ಟ, ಆದರೆ ಅರ್ನೆಸ್ಟ್ ಅಂತ ತಿಳಿದು. ಜ್ಯಾಕ್‌ನ ಪೋಷಣೆಯಲ್ಲಿರುವ ಸಿಸಿಲಿಗೆ ತಾನು ನೋಡದೇ ಇರುವ ಆ ಪೋಲಿ ಅರ್ನೆಸ್ಟ್ ಇಷ್ಟ. ಆಲ್ಜರ್ನನ್ ಅದೇ ಹೆಸರು ಹೇಳಿಕೊಂಡು ಅವಳ ಮನೆಗೆ ಬಂದಿಳಿಯುತ್ತಾನೆ. ಇಬ್ಬರು ಹುಡುಗಿಯರಿಗೂ ಅರ್ನೆಸ್ಟ್ ಅಂತ ಹೆಸರಿದ್ದವನೇ ಬೇಕು, ಆದರೆ ಅರ್ನೆಸ್ಟ್ ಒಬ್ಬನೂ ಇಲ್ಲ. ಮುಂದಿನದು ಪತ್ರಗಳಲ್ಲಿ ಬರುತ್ತದೆ.

ಪ್ರಶ್ನೆ: ಹೆಸರು ಚೆನ್ನಾಗಿದೆ ಅಂತ ಒಬ್ಬನನ್ನು ಪ್ರೀತಿಸೋದು ಪ್ರೀತಿಯೇನು ಮೇಡಂ? ವೈಲ್ಡ್ ಹೆಣ್ಣುಮಕ್ಕಳನ್ನು ಪೆದ್ದರ ಹಾಗೆ ತೋರಿಸಿದ್ದಾನೆ ಅಂತ ನನಗೆ ಬೇಜಾರಾಯಿತು. (ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಬೇಜಾರು ಮಾಡಿಕೊಳ್ಳಬೇಡಮ್ಮ. ಎರಡನೇ ಅಂಕದಲ್ಲಿ ಸಿಸಿಲಿಯ ಡೈರಿ ಬರುವ ಜಾಗವನ್ನು ಇನ್ನೊಂದು ಸಲ ಓದು. ಆಲ್ಜರ್ನನ್ ಬಂದು, ನನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳುತ್ತಾನೆ. ಅವಳು, ‘ಅಯ್ಯೋ, ನಮ್ಮ ನಿಶ್ಚಿತಾರ್ಥವಾಗಿ ಮೂರು ತಿಂಗಳಾಯಿತಲ್ಲ’ ಅನ್ನುತ್ತಾಳೆ. ಅವನು ಕಕ್ಕಾಬಿಕ್ಕಿ. ಅವಳು ಡೈರಿ ತೆಗೆದು ತೋರಿಸುತ್ತಾಳೆ. ಫೆಬ್ರುವರಿ 14ರಂದು ಇದೇ ಮರದ ಕೆಳಗೆ ಒಪ್ಪಿಕೊಂಡೆ. ಮಾರನೇ ದಿನ ನಿನ್ನ ಹೆಸರಿನಲ್ಲಿ ನಾನೇ ಹೋಗಿ ಉಂಗುರ ತಂದುಕೊಂಡೆ. ನಿನ್ನ ಕಾಗದಗಳೆಲ್ಲ ಈ ಪೆಟ್ಟಿಗೆಯಲ್ಲಿವೆ. ‘ನಾನು ಕಾಗದ ಬರೆದೇ ಇಲ್ಲವಲ್ಲ’ ಅಂದರೆ, ‘ಗೊತ್ತು, ಅದಕ್ಕೇ ನಾನೇ ಬರೆದುಕೊಳ್ಳಬೇಕಾಯಿತು, ವಾರಕ್ಕೆ ಮೂರು’ ಅನ್ನುತ್ತಾಳೆ! ಮಾರ್ಚ್ 22ಕ್ಕೆ ಸಂಬಂಧ ಮುರಿದುಕೊಂಡಿದ್ದಾಳೆ. ಯಾಕೆ ಅಂದರೆ, ಒಂದು ಸಲವೂ ಮುರಿಯದೇ ಇದ್ದರೆ ಅದು ಗಂಭೀರವಾದ ನಿಶ್ಚಿತಾರ್ಥ ಹೇಗಾಗುತ್ತದೆ? ಆಮೇಲೆ ಅದೇ ವಾರ ಕ್ಷಮಿಸಿಯೂ ಬಿಟ್ಟಿದ್ದಾಳೆ.

ಇವಳು ಪೆದ್ದಿಯಾ? ಪ್ರೇಮಕಥೆ ಪೂರ್ತಿ ಬರೆದು ಮುಗಿಸಿ, ಗಂಡಿನ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಾಳೆ ಅಷ್ಟೇ. ಆ ಜಾಗದಲ್ಲಿ ಬಂದು ಕೂರುವುದು ಬಿಟ್ಟು ಆಲ್ಜರ್ನನ್‌ಗೆ ಬೇರೆ ಕೆಲಸವೇ ಇಲ್ಲ. ಅವನು ಉದ್ದುದ್ದ ಹೊಗಳಿಕೆ ಶುರು ಮಾಡಿದರೆ, ತಡಿ, ಡೈರಿಯಲ್ಲಿ ಬರ್ಕೋತೀನಿ ಅನ್ನುತ್ತಾಳೆ. ಅವನು ಕೆಮ್ಮಿದರೆ, ಕೆಮ್ಮಬೇಡ, ಕೆಮ್ಮಿಗೆ ಸ್ಪೆಲಿಂಗ್ ಗೊತ್ತಿಲ್ಲ ಅನ್ನುತ್ತಾಳೆ.

ಗ್ವೆಂಡಲಿನ್ ಕೂಡ ಹಾಗೇ. ಮೊದಲ ಅಂಕದಲ್ಲಿ ಜ್ಯಾಕ್ ತಡವರಿಸುತ್ತಾ ನಿಂತಿರುವಾಗ, ನಾನು ಒಪ್ಪಿಕೊಳ್ಳೋದು ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ಬಂದಿದ್ದೇನೆ, ನೀವು ಕೇಳುವ ಶಾಸ್ತ್ರ ಮುಗಿಸಿ ಅಂತ ಮಂಡಿಯೂರಿಸುತ್ತಾಳೆ. ಅಷ್ಟು ಮಾಡಿಯೂ, ‘ಎಷ್ಟು ಹೊತ್ತು ತಗೊಂಡಿರಿ! ನಿಮಗೆ ಅಭ್ಯಾಸ ಸಾಲದು’ ಅಂತ ದೂರು ಬೇರೆ.

ಇಬ್ಬರೂ ಪ್ರೀತಿಸುತ್ತಿರುವುದು ತಾವೇ ಬರೆದ ಕಥೆಯನ್ನು. ಅದನ್ನು ಪ್ರೀತಿ ಅನ್ನಬೇಕೋ ಬೇಡವೋ ನೀನೇ ಹೇಳು. ಇಪ್ಪತ್ತರ ವಯಸ್ಸಿನಲ್ಲಿ ನಾವು ಯಾರೂ ಮಾಡದ ಕೆಲಸವೇನೂ ಅಲ್ಲ ಅದು. ನಾವು ಡೈರಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದೆವು. ಇದು ಹುಡುಗಿಯೊಬ್ಬಳ ಸ್ವಂತ ಅನಿಸಿಕೆಗಳು, ಆದ್ದರಿಂದ ಪ್ರಕಟಣೆಗಾಗಿಯೇ ಬರೆದದ್ದು ಅನ್ನುತ್ತಾಳೆ ಸಿಸಿಲಿ.

ಪ್ರಶ್ನೆ: ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಮೊನ್ನೆ ಮಗಳು ಈ ನಾಟಕದ ಹಳೆಯ ಸಿನಿಮಾ ಹಾಕಿದಳು. ಲೇಡಿ ಬ್ರಾಕ್ನೆಲ್ ಬಂದಾಗಲೆಲ್ಲ ಮಕ್ಕಳಿಬ್ಬರೂ ‘ಅವ್ವಾ, ಇದು ನೀನೇ’ ಅಂತ ನಕ್ಕಿದ್ದೇ ನಕ್ಕಿದ್ದು. ಆಕೆ ಅಷ್ಟು ಕೆಟ್ಟವಳೇ? (ಗೃಹಿಣಿ, ಧಾರವಾಡ)

ಉತ್ತರ: ನೀವು ನೋಡಿದ್ದು 1952ರ ಸಿನಿಮಾ ಇರಬೇಕು, ಆಂಥನಿ ಆಸ್ಕ್ವಿತ್ ನಿರ್ದೇಶನದ್ದು. ಅದರಲ್ಲಿ ಈಡಿತ್ ಇವಾನ್ಸ್ ‘ಹ್ಯಾಂಡ್‌ಬ್ಯಾಗ್?’ ಅನ್ನುವ ಒಂದೇ ಪದವನ್ನು ಎಳೆದ ರೀತಿ ಎಷ್ಟು ಪ್ರಸಿದ್ಧವಾಯಿತೆಂದರೆ, ಆಮೇಲೆ ಆ ಪಾತ್ರ ಮಾಡಿದವರೆಲ್ಲ ಆ ಪದ ಬಂದಾಗ ಏನು ಮಾಡುವುದಪ್ಪಾ ಅಂತ ಒದ್ದಾಡಿದ್ದಾರೆ.

ಮಕ್ಕಳ ಮಾತಿಗೆ ನೊಂದುಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ಇಡೀ ನಾಟಕದಲ್ಲಿ ಮದುವೆಯ ಬಗ್ಗೆ ಸುಳ್ಳು ಹೇಳದೇ ಇರುವವಳು ಆಕೆಯೊಬ್ಬಳೇ. ಮಗಳನ್ನು ಗಾಡಿಯಲ್ಲಿ ಕೂತಿರು ಅಂತ ಕಳಿಸಿ, ಪೆನ್ಸಿಲ್ಲು, ನೋಟ್‌ಬುಕ್ಕು ಹಿಡಿದು ಜ್ಯಾಕ್‌ನ ಮುಂದೆ ಕೂರುತ್ತಾಳೆ. ಅರ್ಹ ಹುಡುಗರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ಡಚೆಸ್ ಆಫ್ ಬೋಲ್ಟನ್ ಹತ್ತಿರ ಇರುವ ಪಟ್ಟಿಯೇ ನನ್ನ ಹತ್ತಿರವೂ ಇರೋದು ಅಂತ ಶುರು. ಸಿಗರೇಟು ಸೇದುತ್ತೀಯಾ? ಸೇದುತ್ತೇನೆ. ಒಳ್ಳೆಯದು, ಗಂಡಸಿಗೆ ಏನಾದರೊಂದು ಉದ್ಯೋಗ ಇರಬೇಕು. ವಯಸ್ಸೆಷ್ಟು? 29. ಏನಾದರೂ ಗೊತ್ತಾ? ಏನೂ ಗೊತ್ತಿಲ್ಲ. ಬಹಳ ಸಂತೋಷ. ವರಮಾನ? ವರ್ಷಕ್ಕೆ ಏಳೆಂಟು ಸಾವಿರ ಪೌಂಡ್. ಜಮೀನಿನಿಂದಲೋ ಹೂಡಿಕೆಯಿಂದಲೋ? ಹೆಚ್ಚು ಹೂಡಿಕೆಯಿಂದ. ಲಂಡನ್ನಿನಲ್ಲಿ ಮನೆ? ಬೆಲ್‌ಗ್ರೇವ್ ಸ್ಕ್ವೇರ್, ನಂಬರ್ 149. ಅಯ್ಯೋ, ಅದು ಫ್ಯಾಷನ್ ಇಲ್ಲದ ಕಡೆಯ ಸಾಲು!

ಇಲ್ಲಿಯವರೆಗೆ ಹುಡುಗ ಪಾಸು. ಆಮೇಲೆ ತಂದೆ ತಾಯಿ ಅಂದಾಗ ಗಾಡಿ ಕೆಸರಿಗೆ ಇಳಿಯುತ್ತದೆ. ಇಬ್ಬರನ್ನೂ ಕಳಕೊಂಡಿದ್ದೇನೆ ಅನ್ನುತ್ತಾನೆ. ಒಬ್ಬರನ್ನು ಕಳಕೊಂಡರೆ ದುರದೃಷ್ಟ, ಇಬ್ಬರನ್ನೂ ಕಳಕೊಂಡರೆ ಅಜಾಗರೂಕತೆ ಅನ್ನುತ್ತಾಳೆ ಈಕೆ. ಕೊನೆಗೆ ಹೊರಬೀಳುವ ಸಂಗತಿ ಏನೆಂದರೆ, ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೋಣೆಯಿಂದ ಯಾರದೋ ಹ್ಯಾಂಡ್‌ಬ್ಯಾಗ್ ತಪ್ಪಿ ಥಾಮಸ್ ಕಾರ್ಡ್ಯೂ ಎಂಬ ಮುದುಕನ ಕೈಸೇರಿತು, ಅದರೊಳಗಿದ್ದ ಕೂಸೇ ಈ ಗಂಡು. ಲೇಡಿ ಬ್ರಾಕ್ನೆಲ್‌ಗೆ ತಲೆ ಕೆಡುತ್ತದೆ. ಕಷ್ಟಪಟ್ಟು ಬೆಳೆಸಿದ ಒಬ್ಬಳೇ ಮಗಳನ್ನು ಒಂದು ಪಾರ್ಸೆಲ್‌ಗೆ ಕೊಟ್ಟು ಮದುವೆ ಮಾಡೋದಾ? ಆದರೂ ಪೂರ್ತಿ ಬಾಗಿಲು ಹಾಕುವುದಿಲ್ಲ ನೋಡಿ. ಈ ಸೀಸನ್ ಮುಗಿಯುವುದರೊಳಗೆ ತಾಯಿಯೋ ತಂದೆಯೋ, ಯಾರಾದರೂ ಒಬ್ಬರನ್ನು ಹೊಂದಿಸಿಕೋ ಅಂತ ಸಲಹೆ ಕೊಟ್ಟು ಹೋಗುತ್ತಾಳೆ.

ಇದನ್ನು ಓದುವಾಗ ನಮ್ಮ ಮನೆಗಳ ಹೆಣ್ಣು ನೋಡುವ ಶಾಸ್ತ್ರ ನೆನಪಾಗದೇ ಇರುವುದಿಲ್ಲ. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗಿಟ್ಟುಕೊಂಡು ‘ಸ್ವಂತ ಮನೆಯಾ, ಬಾಡಿಗೆಯಾ?’ ಅಂತ ಎಷ್ಟು ಮೆತ್ತಗೆ ಕೇಳುತ್ತೇವೆ. ವೈಲ್ಡ್ ಆ ಮೆತ್ತನೆಯನ್ನು ತೆಗೆದುಬಿಟ್ಟ. ಉಳಿದ ಪ್ರಶ್ನೆಗಳೆಲ್ಲ ಅವೇ. ಒಂದು ವ್ಯತ್ಯಾಸ ಉಂಟು. ಇಲ್ಲಿ ಪರೀಕ್ಷೆಗೆ ಕೂರುವುದು ಗಂಡು, ಕೇಳುವುದು ಹೆಣ್ಣಿನ ತಾಯಿ. ಆ ಕಾರಣಕ್ಕೇ ನನ್ನ ತರಗತಿಯ ಹುಡುಗಿಯರು ಈ ದೃಶ್ಯಕ್ಕೆ ಬೆಂಚು ಬಡಿದು ನಗುತ್ತಿದ್ದರು.

ಮೂರನೇ ಅಂಕದಲ್ಲಿ ಆಕೆಯ ಅಸಲು ಬಣ್ಣ. ಸಿಸಿಲಿ ಯಾರು, ಎತ್ತ ಅಂತ ಮೂಗು ಮುರಿಯುತ್ತಿದ್ದವಳು, ಹುಡುಗಿಯ ಹೆಸರಿನಲ್ಲಿ 1,30,000 ಪೌಂಡ್ ಸರ್ಕಾರಿ ಸಾಲಪತ್ರದಲ್ಲಿದೆ ಅಂತ ಕಿವಿಗೆ ಬಿದ್ದಕೂಡಲೇ ಹೊರಟವಳು ವಾಪಸು ಕೂರುತ್ತಾಳೆ. ‘ಈಗ ನೋಡಿದರೆ ಹುಡುಗಿ ಬಹಳ ಲಕ್ಷಣವಾಗಿದ್ದಾಳೆ!’ ಹುಡುಗಿಯನ್ನು ಆ ಕಡೆ ಈ ಕಡೆ ತಿರುಗಿಸಿ ಮುಖ ನೋಡುತ್ತಾಳೆ. ಅದೇ ಉಸಿರಿನಲ್ಲಿ ಹಣಕ್ಕಾಗಿ ಮದುವೆಯಾಗುವುದು ನನಗೆ ಸೇರದು ಅಂತ ಬುದ್ಧಿವಾದ. ಹಿಂದೆಯೇ ಇನ್ನೊಂದು ಮಾತು ಜಾರುತ್ತದೆ. ಲಾರ್ಡ್ ಬ್ರಾಕ್ನೆಲ್‌ನನ್ನು ಮದುವೆಯಾದಾಗ ನನ್ನ ಹತ್ತಿರ ಚಿಕ್ಕಾಸೂ ಇರಲಿಲ್ಲ, ಆದರೆ ಅದು ಅಡ್ಡ ಬರಲು ನಾನು ಬಿಡಲಿಲ್ಲ.

ನನಗೆ ಆಕೆ ಇಷ್ಟವಾಗುವುದು ಈ ಒಂದು ಸಾಲಿಗೆ. ಬರಿಗೈಯಲ್ಲಿ ಬಂದು, ಆ ಮನೆ ಸೇರಿ, ಈಗ ಬಾಗಿಲು ಕಾಯುತ್ತಿರುವವಳು ಆಕೆ. ಹಣದ ಬೆಲೆ ಆಕೆಗೆ ಗೊತ್ತಿರುವಷ್ಟು ಆಲ್ಜರ್ನನ್‌ಗೆ ಗೊತ್ತಿಲ್ಲ. ಅವನ ಆಸ್ತಿಯೆಲ್ಲ ಸಾಲ. ಪಾಪ, ಆಕೆಯ ಗಂಡನನ್ನು ಇಡೀ ನಾಟಕದಲ್ಲಿ ನಾವು ಒಂದು ಸಲವೂ ನೋಡುವುದಿಲ್ಲ. ಊಟದ ಮೇಜಿನಲ್ಲಿ ಲೆಕ್ಕ ಸರಿಹೋಗದಿದ್ದರೆ ಅವನು ಮಹಡಿಯ ಮೇಲೆ ಊಟ ಮಾಡಬೇಕು, ಅವನಿಗದು ಅಭ್ಯಾಸವಾಗಿದೆಯಂತೆ. ಅರ್ನೆಸ್ಟ್ ಹೆಸರಿನ ಗಲಾಟೆಗಿಂತ ಈ ಮಹಡಿಯ ಊಟ ದಾಂಪತ್ಯದ ಬಗ್ಗೆ ಜಾಸ್ತಿ ಹೇಳುತ್ತದೆ.

ನಿಮ್ಮ ಮಗನಿಗೆ ಒಳ್ಳೆಯ ಹುಡುಗಿ ಸಿಗಲಿ. ನೋಟ್‌ಬುಕ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಕೊನೆಯಲ್ಲಿ ಜ್ಯಾಕ್‌ನ ತಾಯಿ ಲೇಡಿ ಬ್ರಾಕ್ನೆಲ್‌ಳ ಒಡಹುಟ್ಟಿದವಳು ಅಂತ ಗೊತ್ತಾಗುತ್ತದೆ. ಹಾಗಾದರೆ ಜ್ಯಾಕ್, ಗ್ವೆಂಡಲಿನ್ ಇಬ್ಬರೂ ಅಕ್ಕತಂಗಿಯರ ಮಕ್ಕಳಾದರು. ಅಣ್ಣ ತಂಗಿ! ಯಾರೂ ತುಟಿ ಬಿಚ್ಚುವುದಿಲ್ಲವಲ್ಲ? (ನಿವೃತ್ತ ಶಿಕ್ಷಕರು, ಮಂಡ್ಯ)

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಕನ್ನಡದವರಿಗೆ ಮಾತ್ರ ಹೊಳೆಯುತ್ತದೆ ನೋಡಿ. ಇಂಗ್ಲಿಷ್ ಪ್ರೇಕ್ಷಕ ಅಲ್ಲಿ ಆನಂದದಿಂದ ಚಪ್ಪಾಳೆ ಹೊಡೆಯುತ್ತಾನೆ. ನಾವು ಕುರ್ಚಿಯಲ್ಲಿ ಮಿಸುಕಾಡುತ್ತೇವೆ.

ತಾಲೀಮಿನಲ್ಲಿ ಇದೇ ಆಯಿತು. ಜ್ಯಾಕ್ ಪಾತ್ರದ ಹುಡುಗ ಮೂರನೇ ಅಂಕದ ಹಾಳೆ ಹಿಡಿದುಕೊಂಡು ಬಂದ. ‘ಮೇಡಂ, ದೊಡ್ಡಮ್ಮನ ಮಗಳು ತಂಗಿ ಆಗ್ತಾಳೆ. ಅಪ್ಪಿಕೊಳ್ಳೋದು ಹೇಗೆ?’ ಅಂದ. ಗ್ವೆಂಡಲಿನ್ ಮಾಡುತ್ತಿದ್ದ ಹುಡುಗಿ ಮುಸ್ಲಿಂ. ಅವಳು ನಕ್ಕು, ‘ನಮ್ಮ ಅಪ್ಪ ಅಮ್ಮ ಹಾಗೇ ಕಣೋ ಮದುವೆ ಆಗಿರೋದು, ಏನಾಯ್ತೀಗ?’ ಅಂದಳು. ಇಡೀ ತಂಡ ಗಪ್‌ಚಿಪ್. ಆ ಸಂಜೆ ತಾಲೀಮು ಅಲ್ಲಿಗೇ ನಿಂತು, ಯಾರ ಮನೆಯಲ್ಲಿ ಯಾರಿಗೆ ಯಾರು ವರಸೆ ಅಂತ ಗಂಟೆಗಟ್ಟಲೆ ಮಾತಾಯಿತು. ಪಾಠಕ್ಕಿಂತ ಅದೇ ಚೆನ್ನಾಗಿತ್ತು.

ಇಂಗ್ಲೆಂಡಿನಲ್ಲಿ ದೊಡ್ಡಮ್ಮನ ಮಕ್ಕಳು, ಸೋದರಮಾವನ ಮಕ್ಕಳು, ಅತ್ತೆಯ ಮಕ್ಕಳು ಎಲ್ಲ ಒಂದೇ ಸಾಲು, ಮದುವೆಗೆ ಅಡ್ಡಿಯಿಲ್ಲ. ವಿಕ್ಟೋರಿಯಾ ರಾಣಿಯೇ ಆಲ್ಬರ್ಟ್‌ನನ್ನು ಮದುವೆಯಾದಳಲ್ಲ. ಆಲ್ಬರ್ಟ್ ಆಕೆಯ ಸೋದರಮಾವನ ಮಗ. ಡಾರ್ವಿನ್ ಮದುವೆಯಾದ ಎಮ್ಮಾ ಕೂಡ ಸೋದರಮಾವನ ಮಗಳು. ಇವೆರಡೂ ಮಂಡ್ಯದಲ್ಲಿ ನಡೆದಿದ್ದರೂ ಯಾರೂ ಕೆಮ್ಮುತ್ತಿರಲಿಲ್ಲ! ಜ್ಯಾಕ್ ಗ್ವೆಂಡಲಿನ್ ಜೋಡಿ ಮಾತ್ರ ನಮ್ಮ ಬಹಳಷ್ಟು ಮನೆಗಳಲ್ಲಿ ನಡೆಯದು.

ಉಲ್ಟಾನೂ ಇದೆ. ಹೆಂಡತಿ ತೀರಿಕೊಂಡರೆ ಅವಳ ತಂಗಿಯನ್ನು ತಂದುಕೊಳ್ಳುವುದು ನಮ್ಮಲ್ಲಿ ಮನೆಮನೆಯ ಮಾತು. ‘ಮಕ್ಕಳಿಗೆ ಚಿಕ್ಕಮ್ಮನಿಗಿಂತ ಬೇರೆ ತಾಯಿ ಬೇಕಾ’ ಅಂತ ಹಿರಿಯರೇ ಮುಂದೆ ನಿಂತು ಮಾಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಅದು 1907ರವರೆಗೆ ಕಾನೂನುಬಾಹಿರ. ಅದನ್ನು ಬಿಡಿಸಲು ಪಾರ್ಲಿಮೆಂಟಿನಲ್ಲಿ ದಶಕಗಟ್ಟಲೆ ಗುದ್ದಾಡಿದ್ದಾರೆ. ಅಕ್ಕನ ಮಗಳನ್ನು ಆಗುವುದಂತೂ ಅವರಿಗೆ ಕೇಳಿದರೇ ಮೈ ಜುಮ್ಮೆನ್ನುವ ವಿಷಯ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿಯೂ ಅದು ನಿಷೇಧವೇ, ಆದರೆ ಪದ್ಧತಿ ಇದ್ದ ಕಡೆ ನಡೆಯಬಹುದು ಅಂತ ಒಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡಿಯಲ್ಲಿ ಎಷ್ಟು ಮದುವೆಗಳ ಮೆರವಣಿಗೆ ಹೋಗಿದೆಯೋ.

ಕನ್ನಡಕ್ಕೆ ತರುವವರು ಈ ಜಾಗದಲ್ಲಿ ಒಂದು ತೀರ್ಮಾನ ಮಾಡಲೇಬೇಕು. ಲಂಡನ್ನಿನಲ್ಲೇ ಬಿಟ್ಟರೆ ಹಾಗೇ ಇರಲಿ. ಮೈಸೂರಿಗೆ ತಂದರೆ ಜ್ಯಾಕ್‌ನನ್ನು ಲೇಡಿ ಬ್ರಾಕ್ನೆಲ್‌ಳ ಅಣ್ಣನ ಮಗನನ್ನಾಗಿ ಮಾಡಿ. ಒಂದೇ ಏಟಿಗೆ ಎಲ್ಲ ಸರಿಹೋಗಿ, ‘ಅಯ್ಯೋ, ವರಸೆಯಲ್ಲೇ ಬಂತಲ್ಲ!’ ಅಂತ ಕೊನೆಗೆ ಇನ್ನೊಂದು ನಗು ಉಚಿತ.

ಪ್ರಶ್ನೆ: ಬನ್‌ಬರಿಯಂಥ ಗೆಳೆಯ ನನ್ನ ಗಂಡನಿಗೂ ಇದ್ದಾನೆ. ಹೆಸರು ‘ಆಡಿಟ್’. ಏನು ಮಾಡಲಿ? (ಬೆಂಗಳೂರು)

ಉತ್ತರ: ಬನ್‌ಬರಿ ಇಲ್ಲದೆ ಮದುವೆಯಾದವನ ಪಾಡು ನಾಯಿಪಾಡು ಅಂತ ಆಲ್ಜರ್ನನ್ ಹೇಳುತ್ತಾನೆ. ನೀವೂ ಒಂದು ಇಟ್ಟುಕೊಳ್ಳಿ. ಹೆಸರು ‘ಭಜನಾ ಮಂಡಳಿ’.

ಪ್ರಶ್ನೆ: ‘ಡೈವೋರ್ಸ್‌ಗಳು ಸ್ವರ್ಗದಲ್ಲಿ ನಿಶ್ಚಯವಾಗುತ್ತವೆ’ ಅಂತ ಆಲ್ಜರ್ನನ್ ಹೇಳುವ ಸಾಲಿದೆ. 1895ರಲ್ಲಿ ವಿಚ್ಛೇದನ ಅಷ್ಟು ಸಲೀಸಿತ್ತೇ? (ವಕೀಲರು, ಹುಬ್ಬಳ್ಳಿ)

ಉತ್ತರ: ಇರಲಿಲ್ಲ, ಅದಕ್ಕೇ ಆ ಸಾಲಿಗೆ ನಗು ಬರುತ್ತಿತ್ತು. 1857ರ ಕಾಯ್ದೆಯಿಂದ ವಿಚ್ಛೇದನ ನ್ಯಾಯಾಲಯಕ್ಕೆ ಬಂತು. ಆದರೆ ತಕ್ಕಡಿ ಓರೆ. ಹೆಂಡತಿಯ ವ್ಯಭಿಚಾರ ತೋರಿಸಿದರೆ ಗಂಡನಿಗೆ ಅಷ್ಟೇ ಸಾಕು. ಹೆಂಡತಿ ಕೇಳಬೇಕಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವೋ, ಬಿಟ್ಟುಹೋದದ್ದೋ, ಇನ್ನೊಂದೇನಾದರೂ ಸೇರಿಸಿ ತೋರಿಸಬೇಕು. ಇದು ಸಮವಾದದ್ದು 1923ರಲ್ಲಿ.

ಇದನ್ನು ತಲೆಯಲ್ಲಿಟ್ಟುಕೊಂಡು ಮೂರನೇ ಅಂಕಕ್ಕೆ ಬನ್ನಿ. ಹ್ಯಾಂಡ್‌ಬ್ಯಾಗ್ ಸಿಸಿಲಿಯ ಪಾಠದ ಮೇಡಂ ಮಿಸ್ ಪ್ರಿಸಮ್‌ಳದು ಅಂತ ಗೊತ್ತಾದಾಗ, ಆಕೆಯೇ ತನ್ನ ತಾಯಿ ಅಂತ ಜ್ಯಾಕ್ ತಪ್ಪು ತಿಳಿದು ತಬ್ಬಿಕೊಳ್ಳಲು ಓಡುತ್ತಾನೆ. ‘ನಾನು ಮದುವೆಯಾದವಳಲ್ಲ!’ ಅಂತ ಆಕೆ ಹೌಹಾರುತ್ತಾಳೆ. ಜ್ಯಾಕ್ ಒಂದು ಕ್ಷಣ ತಡೆದು, ಗಂಡಿಗೊಂದು ಕಾನೂನು ಹೆಣ್ಣಿಗೊಂದು ಕಾನೂನು ಯಾಕಿರಬೇಕು, ಅಮ್ಮಾ, ನಿನ್ನನ್ನು ಕ್ಷಮಿಸಿದೆ ಅನ್ನುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ. ಆ ಕಾಲದ ಗಂಭೀರ ನಾಟಕಗಳಲ್ಲಿ ಕಣ್ಣೀರಿನ ಜೊತೆ ಬರುತ್ತಿದ್ದ ಮಾತು ಅದು. ವೈಲ್ಡ್ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿಸಿದ, ಆದರೆ ತಪ್ಪು ಹೆಂಗಸಿನ ಮುಂದೆ. ಅತ್ತ ಮಿಸ್ ಪ್ರಿಸಮ್‌ಗೆ ಕೂಸಿನ ಚಿಂತೆಯೇ ಇಲ್ಲ. ಬ್ಯಾಗಿನ ಮೇಲೆ ಬಸ್ಸಿನ ಏಟಿನ ಗುರುತು, ಒಳಗಿನ ಕಲೆ, ಬೀಗದ ಮೇಲಿನ ತನ್ನ ಹೆಸರಿನ ಅಕ್ಷರಗಳು, ಎಲ್ಲ ಒಂದೊಂದಾಗಿ ನೋಡಿ, ಇಷ್ಟು ವರ್ಷ ಇದಿಲ್ಲದೆ ಬಹಳ ತೊಂದರೆಯಾಗಿತ್ತು ಅಂತ ಖುಷಿಪಡುತ್ತಾಳೆ!

ನಿಮ್ಮ ವೃತ್ತಿಗೆ ಸಂಬಂಧಿಸಿದ್ದು ಇನ್ನೊಂದು. 1882ರ ಕಾಯ್ದೆಯಿಂದ ಮದುವೆಯಾದ ಹೆಣ್ಣಿನ ಆಸ್ತಿ ಅವಳದೇ ಆಯಿತು. ಅಂದರೆ ಸಿಸಿಲಿಯ 1,30,000 ಪೌಂಡ್ ಆಲ್ಜರ್ನನ್‌ನ ಜೇಬಿಗೆ ತಾನಾಗಿ ಬಂದು ಬೀಳುವುದಿಲ್ಲ. ಅವನು ಕೇಳಿ ಇಸಕೋಬೇಕು. ಡೈರಿ ಬರೆಯುವ ಹುಡುಗಿ ಲೆಕ್ಕವನ್ನೂ ಬರೆದಿಡುತ್ತಾಳೆ ಅಂತ ನನ್ನ ನಂಬಿಕೆ.

ಪ್ರಶ್ನೆ: ಅರ್ನೆಸ್ಟ್ ಅಂತ ಹೆಸರಿದ್ದವನನ್ನೇ ಆಗೋದು ಅಂತ ಸಿಸಿಲಿ ಹಟ ಹಿಡಿದಿದ್ದಳು. ಕೊನೆಗೆ ಜ್ಯಾಕ್‌ನ ಅಸಲಿ ಹೆಸರು ಅರ್ನೆಸ್ಟ್ ಅಂತ ಆಗುತ್ತದೆ. ಆಲ್ಜರ್ನನ್ ಆಲ್ಜರ್ನನ್ನೇ ಆಗಿ ಉಳಿದ. ಇದು ನಾಟಕಕಾರನ ಮರೆವಾ? (ಬೆಳಗಾವಿ)

ಉತ್ತರ: ಭಲೇ. ಮರೆವಲ್ಲ ಅಂತ ನನ್ನ ಅನಿಸಿಕೆ. ನಾವು ನಿಮ್ಮ ಸಲುವಾಗಿ ಈ ಸಂಜೆಯೇ ಹೊಸ ಹೆಸರಿಗೆ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇವೆ ಅಂತ ಇಬ್ಬರು ಗಂಡಸರೂ ಹೇಳಿದ ಗಳಿಗೆಯಲ್ಲೇ ಹುಡುಗಿಯರು ಕರಗಿಬಿಟ್ಟರು. ಸಿಸಿಲಿಗೆ ಅಷ್ಟು ಸಾಕು. ಗ್ವೆಂಡಲಿನ್‌ಗೆ ಸಾಲದು, ಅವಳಿಗೆ ಹೆಸರು ದಫ್ತರದಲ್ಲೇ ಬೇಕು. ಜ್ಯಾಕ್‌ಗೆ ಇಟ್ಟದ್ದು ಸೈನ್ಯದಲ್ಲಿದ್ದ ಅಪ್ಪನ ಹೆಸರನ್ನೇ ಅಂತ ಗೊತ್ತಾಗುತ್ತದೆ, ಅದಕ್ಕೇ ಅವನು ಹಳೆಯ ಸೈನ್ಯದ ಪಟ್ಟಿಗಳನ್ನೆಲ್ಲ ಕೆಳಗೆಳೆದು ಅಪ್ಪನ ಹೆಸರು ಹುಡುಕುವುದು. ಇಬ್ಬರು ಹುಡುಗಿಯರೂ ಒಂದೇ ತರಹ ಅಂತ ದೂರುವವರಿಗೆ ನಾನು ಈ ಜಾಗ ತೋರಿಸುತ್ತೇನೆ.

ಸಿಸಿಲಿಗೆ ಇನ್ನೊಂದು ಆತುರವೂ ಇತ್ತು ಅನ್ನಿ. ತಾತನ ಉಯಿಲಿನ ಪ್ರಕಾರ ಅವಳು 35 ವರ್ಷದವರೆಗೆ ಮೈನರ್. ಪೋಷಕ ಜ್ಯಾಕ್ ಒಪ್ಪದಿದ್ದರೆ ಅಲ್ಲಿಯತನಕ ಕಾಯಬೇಕು. ಆಲ್ಜರ್ನನ್ ಕಾಯುತ್ತೇನೆ ಅಂತಾನೆ. ನನ್ನ ಕೈಲಾಗದು, ಐದು ನಿಮಿಷ ಕಾಯೋದು ಅಂದರೂ ನನಗೆ ಆಗಲ್ಲ ಅಂತಾಳೆ ಇವಳು.

ಪ್ರಶ್ನೆ: ಇಷ್ಟು ಹಗುರವಾಗಿ ಮದುವೆಯ ಬಗ್ಗೆ ಬರೆದ ವೈಲ್ಡ್‌ನ ಸ್ವಂತ ಸಂಸಾರ ಹೇಗಿತ್ತು? ಅವನು ಸಲಿಂಗಿ ಅಂತ ಓದಿದ್ದೇನೆ. ಮತ್ತೆ ಮದುವೆ ಯಾಕಾದ? (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಉತ್ತರ: 1884ರಲ್ಲಿ ಕಾನ್‌ಸ್ಟೆನ್ಸ್ ಲಾಯ್ಡ್ ಎಂಬಾಕೆಯನ್ನು ಮದುವೆಯಾದ. ಸಿರಿಲ್, ವಿವಿಯನ್ ಅಂತ ಇಬ್ಬರು ಗಂಡುಮಕ್ಕಳು. ಆ ಕಾಲದ ಗಂಡಸರು ಯಾಕೆ ಮದುವೆಯಾಗುತ್ತಿದ್ದರೋ ಅವನೂ ಆ ಕಾರಣಕ್ಕೇ ಆದ, ಜೊತೆಗೆ ಆಕೆಯ ಮೇಲೆ ಪ್ರೀತಿಯೂ ಇತ್ತು ಅನ್ನುವುದಕ್ಕೆ ಅವನ ಕಾಗದಗಳಿವೆ. ಎರಡು ಹೆಸರು, ಎರಡು ಬದುಕು ನಡೆಸುವ ಗಂಡಸಿನ ಕಥೆ ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ಬಿಡಿಸಿ ಹೇಳಬೇಕಿಲ್ಲ. ನಾಟಕ ಬರೆದದ್ದು 1894ರ ಬೇಸಿಗೆಯಲ್ಲಿ, ಸಂಸಾರ ಸಮೇತ ವರ್ದಿಂಗ್ ಎಂಬ ಕಡಲೂರಿಗೆ ಹೋಗಿದ್ದಾಗ. ಜ್ಯಾಕ್‌ನ ಮನೆತನದ ಹೆಸರು ಅಲ್ಲಿಯದೇ.

1895ರ ಫೆಬ್ರುವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ. ಸಿಸಿಲಿಯ ಡೈರಿಯ ತಾರೀಖೂ ಅದೇ. ಹೊರಗೆ ಹಿಮ ಸುರಿಯುತ್ತಿತ್ತು. ವೈಲ್ಡ್‌ನ ಆಪ್ತ ಆಲ್ಫ್ರೆಡ್ ಡಗ್ಲಸ್‌ನ ಅಪ್ಪ, ಮಾರ್ಕ್ವಿಸ್ ಆಫ್ ಕ್ವೀನ್ಸ್‌ಬರಿ, ಗಲಾಟೆ ಎಬ್ಬಿಸಲು ತರಕಾರಿಯ ಗೊಂಚಲು ಹಿಡಿದು ಬಂದ. ಪೊಲೀಸರು ಒಳಗೆ ಬಿಡಲಿಲ್ಲ. ನಾಲ್ಕು ದಿನ ಕಳೆದು ವೈಲ್ಡ್‌ನ ಕ್ಲಬ್ಬಿನಲ್ಲಿ ಅವಮಾನದ ಚೀಟಿ ಬಿಟ್ಟುಹೋದ. ವೈಲ್ಡ್ ಮಾನನಷ್ಟ ಮೊಕದ್ದಮೆ ಹಾಕಿದ. ಗಂಡಸರ ಸಲಿಂಗ ಸಂಬಂಧ ಆಗ ಅಲ್ಲಿ ಅಪರಾಧ, ಹಾಗಾಗಿ ಅದು ಅವನ ಮೇಲೇ ತಿರುಗಿತು. ಏಪ್ರಿಲ್‌ನಲ್ಲಿ ಬಂಧನ, ಮೇ 25ಕ್ಕೆ ಎರಡು ವರ್ಷ ಕಠಿಣ ಶಿಕ್ಷೆ. ನಾಟಕ ಇನ್ನೂ ನಡೆಯುತ್ತಿರುವಾಗಲೇ ಜಾಹೀರಾತಿನಿಂದ ಬರೆದವನ ಹೆಸರು ತೆಗೆದರು. ಅದೂ ಸಾಲದೆ ಬೇಗ ಪ್ರದರ್ಶನವೇ ನಿಂತಿತು.

ಹೆಸರಿನ ಮೇಲೆ ಕಟ್ಟಿದ ಕಾಮಿಡಿ ಬರೆದವನ ಹೆಂಡತಿ, ಮಕ್ಕಳು ದೇಶ ಬಿಟ್ಟು, ಹೆಸರಿನ ಮುಂದಿನ ವೈಲ್ಡ್ ತೆಗೆದು ಹಾಲೆಂಡ್ ಅಂತ ಮಾಡಿಕೊಳ್ಳಬೇಕಾಯಿತು. ಆದರೂ 1896ರಲ್ಲಿ ವೈಲ್ಡ್‌ನ ತಾಯಿ ತೀರಿಕೊಂಡಾಗ, ಬೇರೆಯವರ ಬಾಯಿಂದ ಕೇಳುವುದು ಬೇಡ ಅಂತ, ಮೈಯಲ್ಲಿ ಹುಷಾರಿಲ್ಲದಿದ್ದರೂ ಆಕೆ ಇಟಲಿಯಿಂದ ಇಂಗ್ಲೆಂಡಿನ ಸೆರೆಮನೆಗೆ ಬಂದು ತಾನೇ ಹೇಳಿದಳು. ಅವರಿಬ್ಬರೂ ಮುಖಾಮುಖಿಯಾದದ್ದು ಅದೇ ಕೊನೆ. 1898ರಲ್ಲಿ ಆಕೆ ಜಿನೋವಾದಲ್ಲಿ ತೀರಿಕೊಂಡಳು, 1900ರಲ್ಲಿ ಅವನು ಪ್ಯಾರಿಸ್‌ನಲ್ಲಿ. ಲೇಡಿ ಬ್ರಾಕ್ನೆಲ್ ತರಹದವರ ಪಟ್ಟಿಯಲ್ಲಿ ಕಾನ್‌ಸ್ಟೆನ್ಸ್‌ಗೆ ಯಾವ ಜಾಗ ಸಿಗುತ್ತಿತ್ತೋ. ನಿಮ್ಮ ಸಂಶೋಧನೆಯಲ್ಲಿ ಆಕೆಗೆ ಒಂದು ಅಧ್ಯಾಯ ಕೊಡಿ, ಅಡಿಟಿಪ್ಪಣಿ ಬೇಡ.

ಪ್ರಶ್ನೆ: ನಮ್ಮ ತಂಡದಲ್ಲಿ ಲೇಡಿ ಬ್ರಾಕ್ನೆಲ್ ಪಾತ್ರಕ್ಕೆ ಹೆಣ್ಣುಮಕ್ಕಳು ಯಾರೂ ಮುಂದೆ ಬರುತ್ತಿಲ್ಲ. ಗಂಡಸರು ಮಾಡಬಹುದೇ? (ಹವ್ಯಾಸಿ ಕಲಾವಿದ, ಉಡುಪಿ)

ಉತ್ತರ: ಯಕ್ಷಗಾನದ ಊರಿನವರು ಕೇಳುವ ಪ್ರಶ್ನೆಯೇ ಇದು? ಲಂಡನ್ನಿನಲ್ಲೂ 2015ರಲ್ಲಿ ಡೇವಿಡ್ ಸುಶೆ ಮಾಡಿದರು, ಅವರಿಗಿಂತ ಮುಂಚೆಯೂ ಗಂಡಸರು ಮಾಡಿದ್ದಾರೆ. ಒಂದೇ ಷರತ್ತು. ಕೀರಲು ದನಿ, ಸೊಂಟ ಕುಣಿಸೋದು ಬೇಡ. ಆಕೆ ತಮಾಷೆ ಮಾಡುತ್ತಿಲ್ಲ. ಮಗಳ ಭವಿಷ್ಯದ ಮಾತಾಡುತ್ತಿದ್ದಾಳೆ.

ಪ್ರಶ್ನೆ: ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನಮಗೆ ಸಿಕ್ಕಿರುವುದು ಕಾಲು ಗಂಟೆ. ಈ ನಾಟಕದ ಯಾವ ಭಾಗ ಆಡಬಹುದು? ಹಕ್ಕು ಪಡೆಯಬೇಕೇ? (ದುಬೈ)

ಉತ್ತರ: ಮೂಲಕ್ಕೆ ಹಕ್ಕಿನ ತಾಪತ್ರಯವಿಲ್ಲ, ನೀವೇ ಕನ್ನಡ ಮಾಡಿಕೊಳ್ಳಿ. ಎರಡನೇ ಅಂಕದ ಟೀ ದೃಶ್ಯ ತೆಗೆದುಕೊಳ್ಳಿ. ಇಬ್ಬರು ಹುಡುಗಿಯರಿಗೂ ತಾವು ಒಬ್ಬನೇ ಅರ್ನೆಸ್ಟ್‌ಗೆ ನಿಶ್ಚಯವಾದವರು ಅಂತ ಆಗತಾನೇ ಗೊತ್ತಾಗಿದೆ. ಜಗಳ ಏರಬೇಕು ಅನ್ನುವಾಗ ಆಳುಗಳು ಟೀ ತಟ್ಟೆ ಹಿಡಿದು ಬರುತ್ತಾರೆ. ಅವರ ಮುಂದೆ ಕೂಗಾಡುವಂತಿಲ್ಲ, ಮರ್ಯಾದೆ ಪ್ರಶ್ನೆ. ಸಕ್ಕರೆ ಬೇಡ, ಅದು ಈಗ ಫ್ಯಾಷನ್ ಅಲ್ಲ ಅನ್ನುತ್ತಾಳೆ ಗ್ವೆಂಡಲಿನ್. ಸಿಸಿಲಿ ಇಕ್ಕಳ ಹಿಡಿದು ನಾಲ್ಕು ಉಂಡೆ ಸಕ್ಕರೆ ಹಾಕುತ್ತಾಳೆ. ಬ್ರೆಡ್ಡು ಬೆಣ್ಣೆ ಸಾಕು, ಒಳ್ಳೆಯ ಮನೆಗಳಲ್ಲಿ ಕೇಕ್ ಈಗ ಕಾಣಸಿಗೋದಿಲ್ಲ ಅನ್ನುತ್ತಾಳೆ ಗ್ವೆಂಡಲಿನ್. ಸಿಸಿಲಿ ಇಷ್ಟು ದೊಡ್ಡ ಕೇಕಿನ ತುಂಡು ಕತ್ತರಿಸಿ ತಟ್ಟೆಗಿಡುತ್ತಾಳೆ.

ಆಳಿನ ಪಾತ್ರಕ್ಕೆ ನಿಮ್ಮಲ್ಲಿ ಅತಿ ಗಂಭೀರ ಮುಖದವರನ್ನು ಹಾಕಿ. ಅವನು ನಕ್ಕರೆ ದೃಶ್ಯ ಕೆಟ್ಟಿತು. ಸಿಸಿಲಿ ಸಕ್ಕರೆಯನ್ನು ಒಂದೊಂದೇ ಹಾಕಲಿ, ಪ್ರತಿ ಉಂಡೆಗೂ ಗ್ವೆಂಡಲಿನ್‌ಳ ಮುಖ ನೋಡಲಿ. ಕೇಕ್ ನಿಜವಾದದ್ದೇ ತನ್ನಿ, ಥರ್ಮೋಕೋಲ್ ಕೇಕ್ ಕಡೇ ಸಾಲಿನವರಿಗೂ ಗೊತ್ತಾಗುತ್ತದೆ.